ಮೂರಕ್ಕ ಬೀಳೂದು

ದಗಡೂನ ಭಂಗಾರ ಅಂಗಡಿಗೆ ತೂಕಕ್ಕ ಬಂದಿತ್ತು ಪೆಟಗಿ.
ಕೈಲೆ ತಿರುವು ಯಂತ್ರ, ಸೀಳಿದ ಕಾಜು,
ಎಂಟು ಸುರಳಿ. ಆರು ಬೆಲ್ಲದ ಪಾಕದಾಂಗ ಅಂಟಿ ಹೋಗಿದ್ದುವು.
ಏಳನೇದು ಯಾರದೋ ಲಗ್ನ.
ಎಂಟನೇದರಾಗ ಅವ ಇದ್ದ.

ಸ್ವಾಮವಾರ ಕರೆಂಟಿಗೆ ರಜಾ.
ಅಕ್ಕಲಕೋಟ ರಸ್ತಾದ ಈ ಕಡಿ ಮಗ್ಗ ಎಲ್ಲಾ ಗಪ್ಪ,
ಕಿವ್ಯಾಗ ಮಾತ್ರ ಖಟಕ್ ಖಟಕ್ ನಡದಿರತೈತಿ,
ಪಗಾರ ಇಲ್ಲದ ಪಾಳಿ.
ರಿಕ್ಷಾದ ಬ್ಯಾಟರಿ ತಂದು ದೀಪಾ ಹಚ್ಚಿದ್ವಿ.
ಗ್ವಾಡಿಗೆ ಕಟ್ಟಿದ ಬಿಳಿ ಚಾದರ ನಾವ ನೇಯ್ದದ್ದು,
ಅಂಚಿನ್ಯಾಗ ಎಳಿ ತಪ್ಪೇತಿ ಅಂತ ಶೇಟ ರೊಕ್ಕಾ ಮುರದದ್ದು.

ಸಣಕಲ ಮನಶ್ಯಾ. ಹೆಗಲ ಮ್ಯಾಲ ಏಣಿ.
ಯಾರೋ ಕರದಾಂಗ ಹಿಂದಕ್ಕ ಹೊಳ್ಳಿದ,
ಪೊಲೀಸನ ಟೊಪಗಿ ಹಾರಿತು.
ಯಾಕೋ ಅಂತ ಮುಂದಕ್ಕ ಹೊಳ್ಳಿದ,
ಪೊಲೀಸನೇ ಹಾರಿದ.
ನರ್ಸಯ್ಯ ನಗೂ ಭರಕ್ಕ ತಂಬಾಕ ನುಂಗಿ
ಹೊರಗ ಹೋಗಿ ವಾಂತಿ ಮಾಡಿ ಬಂದು
ಮತ್ತ ಮೊದಲಿಂದ ಹಚ್ಚಂದ.

ಆಮ್ಯಾಲೆ ಚಾ. ಆಮ್ಯಾಲೆ ಜಗಳ.
ಎಷ್ಟ ಜೋರ ತಿರುವಬೇಕು?
ಇರಪಣ್ಣನ ರಟ್ಟಿ ಹುರುಪಿನ್ಯಾಗಿದ್ದರ ಅವ ಬಿದ್ದಾಗ ನಗಿ ಬರತಿತ್ತು.
ರಟ್ಟಿ ಸೋತರ ಅದ ಮನಶ್ಯಾ, ಅದ ಏಣಿ,
ಬೀಳೂಕಿಂತ ಮೊದಲ ಅವನ ಮುಖ ಕಾಣತಿತ್ತು.
ದಗಡೂ ಅಂದ: ಅದನ್ನ ತೋರಸಬ್ಯಾಡೋ ಮಾರಾಯಾ.
ನಾನಂದೆ: ಅದನ್ನ ತೋರಸು.

ನಡುನಡುವ ಅಕ್ಷರದ ಹಲಗಿ. ಯಾವ ದೇಶದ್ದೋ, ಯಾರಿಗೆ ಗೊತ್ತು.
ನರ್ಸಯ್ಯ ತೆಲುಗಿನ್ಯಾಗ ಓದಿದ, ದಗಡೂ ಮರಾಠಿಯೊಳಗ,
ನನ್ನ ಕನ್ನಡದಾಗ ಪೊಲೀಸಗ ಏಣಿಯವನ ತಂಗಿ ಮ್ಯಾಲ ಮನಸಿತ್ತು.
ಯಾರೂ ಸೋಲಲಿಲ್ಲ.

ಆದರ ತುಟಿ?
ಮಗ್ಗದ ಮಂದಿಗೆ ತುಟಿ ಓದೂದು ಯಾರೂ ಕಲಸಬೇಕಾಗಿಲ್ಲ.
ಮೂವತ್ತು ವರ್ಷ ಗದ್ದಲದಾಗ ನಿಂತು
ಬೈಗಳಾ, ಸಾಲಾ, ಸತ್ತ ಸುದ್ದಿ
ಎಲ್ಲಾ ತುಟಿಯಿಂದನ ತಿಳಕೊಂಡೇವಿ.
ಜಾರೂಕಿಂತ ಮೊದಲ ಅವನ ತುಟಿ ಅಲಗತಿತ್ತು.
ಹಲಗಿ ಮ್ಯಾಲ ಇಲ್ಲದ ಮಾತು.

ದೇವರನ್ನ ನೆನಸತಾನ, ಅಂದ ಇರಪಣ್ಣ.
ಅಮ್ಮಾ ಅಂತಾನ, ಅಂದ ನರ್ಸಯ್ಯ.
ಅಮ್ಮಾ ಅಂದರ ತುಟಿ ಕೂಡಬೇಕಲೇ, ಅಂದೆ ನಾ.

ಮೂಲ್ಯಾಗ ಕಸ್ತೂರವ್ವ, ತೊಡಿ ಮ್ಯಾಲ ಮರ.
ಒಂಬತ್ತು ವರ್ಷದಾಕಿ ಇದ್ದಾಗಿಂದ ದಿನಾ ಸಾವಿರ ಬೀಡಿ.
ದಾರಾ ಕಚ್ಚಿ ಹರದು ಅಂದಳು:
ಅವ ಎಣಸಾಕ ಹತ್ಯಾನ.

ಮತ್ತ ಹಚ್ಚಿದ್ವಿ, ಭಾಳ ಹಗೂರ.
ಒಂದು. ಕಣ್ಣಿನ ತುದೀಲೆ ಸುಣ್ಣದ ಬಾಲ್ಡಿ ಎಲ್ಲೈತಿ ನೋಡಿದ.
ಎರಡು. ಮೊಣಕಾಲು ಸಡಲ ಬಿಟ್ಟ.
ಮೂರು ಅನ್ನೂದರಾಗ
ದೀಪದ ಕಾವಿಗೆ ಚಿತ್ರದಾಗ ಕಂದು ತೂತ ಬಿದ್ದು ಅಗಲಾತು,
ಕೂದಲ ಸುಟ್ಟ ವಾಸನಿ.

ಯಾರೂ ಮಾತಾಡಲಿಲ್ಲ.
ದಗಡೂ ಕಡೀಕ ಕೇಳಿದ, ಸಣ್ಣ ಹುಡುಗನಾಂಗ:
ಹಂಗಾರ ಅವ ಸುಳ್ಳ ಬಿದ್ದಾನ?
ಕಸ್ತೂರವ್ವ ಎಲಿ ಕತ್ತರಿಸಿಕೋತ:
ಸುಳ್ಳ ಬಿದ್ದರ ಸೊಂಟಾ ನೋಯೂದಿಲ್ಲೇನು?
ಎಷ್ಟ ಸರ್ತಿ ಬಿದ್ದಾನೋ, ಯಾರ ಲೆಕ್ಕಾ ಇಟ್ಟಾರ,
ಎಷ್ಟಕ್ಕ ಎಷ್ಟ ಕೊಡತಿದ್ದರೋ.

ಸುಟ್ಟಷ್ಟು ಕತ್ತರಿಸಿ, ಅಂಟ ಹಚ್ಚಿ ಜೋಡಿಸೇವಿ.
ಈಗ ಅವ ಎರಡರಿಂದ ಸೀದಾ ನೆಲಕ್ಕ ಬರತಾನ.
ಇದ ಚಲೋ ಅಂತಾನ ಇರಪಣ್ಣ. ಜಗಳ ನಡದೈತಿ.

ಮಂಗಳವಾರ ಮುಂಜಾನೆ ಮಗ್ಗ ಶುರು.
ಆ ತುದ್ಯಾಗ ನರ್ಸಯ್ಯ, ಹೆಗಲ ಮ್ಯಾಲ ಬಾಬಿನ್ನಿನ ಡಬ್ಬಿ,
ನನ್ನ ಕಡಿ ನೋಡಿ ತುಟಿ ಅಲಗಿಸಿದ:
ಒಂದು,
ಎರಡು,
ಅಷ್ಟರಾಗ ಬಾಗಲಿಗೆ ಜಾಬರ ಬಂದ.
ಒಂದ ಕಾಲ ಎತ್ತಿ ಹಂಗ ನಿಂತಾನ ನರ್ಸಯ್ಯ.